ಗಾನಸಭೆಯಲ್ಲಿ ಶ್ರೋತೃಧರ್ಮ

ದೇವರ ಸನ್ನಿಧಿಯಲ್ಲಿ ಬೆಳಗುವ ದೀಪ ಒಂದೇ. ಅದನ್ನು ಕಾಣುವ ಕಣ್ಣುಗಳು ನೂರಾರು. ಅರ್ಚಕನು ಮಂತ್ರವನ್ನುಚ್ಚರಿಸುತ್ತ ಕಾಣುತ್ತಾನೆ. ರೈತನು ಕೈಮುಗಿದು ಕಾಣುತ್ತಾನೆ. ತಾಯ ಕಂಕುಳಲ್ಲಿರುವ ಕೂಸು ಬೆರಗಿನಿಂದ ಕಾಣುತ್ತದೆ. ಇವರಲ್ಲಿ ಯಾರ ದರ್ಶನ ದೊಡ್ಡದೆಂದು ಗರ್ಭಗುಡಿಯ ಮುಂದೆ ಯಾರೂ ಕೇಳುವುದಿಲ್ಲ. ಆದರೆ ಅದೇ ಗುಡಿಯ ಮಂಟಪದಲ್ಲಿ ಸಂಜೆ ಸಂಗೀತ ಕಛೇರಿ ಆರಂಭವಾದೊಡನೆ ಈ ಪ್ರಶ್ನೆ ತಾನಾಗಿಯೇ ಎದ್ದು ನಿಲ್ಲುತ್ತದೆ.

ಮುಂದಿನ ಸಾಲಿನಲ್ಲಿ ಕುಳಿತ ರಸಿಕನು ತೊಡೆಯ ಮೇಲೆ ತಾಳ ಹಾಕುತ್ತ, ರಾಗದ ಒಂದೊಂದು ಸಂಚಾರಕ್ಕೂ ತಲೆದೂಗುತ್ತಾನೆ. ಹಿಂದೆ ಕಂಬಕ್ಕೊರಗಿ ಕುಳಿತ ಮುದುಕಿಗೆ ಆ ರಾಗದ ಹೆಸರು ತಿಳಿಯದು. ರಾಮನಾಮ ಕಿವಿಗೆ ಬಿದ್ದಾಗ ಅವಳ ಕಣ್ಣು ಒದ್ದೆಯಾಗುತ್ತದೆ. ಇವರಿಬ್ಬರಲ್ಲಿ ಸಂಗೀತವನ್ನು ನಿಜವಾಗಿ ಕೇಳಿದವರು ಯಾರು? ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಮಂಟಪದಲ್ಲಿ ಯಾರು ಧೈರ್ಯವಾಗಿ ಬಂದು ಕುಳಿತಾರು, ಯಾರು ಹಿಂಜರಿದು ಮನೆಯಲ್ಲೇ ಉಳಿದಾರು ಎಂಬುದು ಇದಕ್ಕೆ ಕೊಡುವ ಉತ್ತರವನ್ನು ಅವಲಂಬಿಸಿದೆ. "ಅದು ತಿಳಿದವರಿಗೆ, ನಮ್ಮಂಥವರಿಗಲ್ಲ" ಎಂದು ಮಂಟಪದ ಮೆಟ್ಟಿಲಿನಿಂದಲೇ ಹಿಂತಿರುಗುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ದೇವಾಲಯದ ಬಾಗಿಲು ಎಲ್ಲರಿಗೂ ತೆರೆದಿದ್ದು, ಅಲ್ಲಿಯ ಸಂಗೀತದ ಬಾಗಿಲು ಮಾತ್ರ ಕೆಲವರಿಗೆ ಮುಚ್ಚಿದಂತೆ ತೋರುವುದಾದರೆ ಅದು ವಿಚಾರಾರ್ಹವಾದ ಸಂಗತಿ.

ರಾಯದುರ್ಗ, ಮಡಕಶಿರಾ ಸೀಮೆಗಳಲ್ಲಿ ಈ ವಿಚಾರಕ್ಕೆ ಒಂದು ವಿಶೇಷವುಂಟು. ರಾಯದುರ್ಗವು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರದ ಪಾಲಿಗೆ ಬಂದಿತು. ಮಡಕಶಿರಾ ಪ್ರಾಂತವು ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗಡಿಗಳು ಹೀಗೆ ಸರಿದರೂ ಮನೆಯ ಮಾತು ಸರಿಯಲಿಲ್ಲ. ಹೆಂಜೇರು ಎಂಬ ಹೆಸರಿನಿಂದ ನೊಳಂಬರಿಗೆ ರಾಜಧಾನಿಯಾಗಿದ್ದ ಹೇಮಾವತಿ ಈ ಮಡಕಶಿರಾ ಸೀಮೆಯದೇ. ಇಲ್ಲಿಯ ಅನೇಕ ಮನೆಗಳಲ್ಲಿ ಒಲೆಯ ಮುಂದೆ ಕನ್ನಡ, ಸಂತೆಯಲ್ಲಿ ತೆಲುಗು. ಹರಿಕಥೆ, ಭಜನೆ, ಪೌರಾಣಿಕ ನಾಟಕದ ಪದ್ಯ ಇವು ಎರಡು ಭಾಷೆಗಳಲ್ಲಿಯೂ ಕಿವಿಗೆ ಬಿದ್ದಿರುತ್ತವೆ. ಆದುದರಿಂದ ಕರ್ನಾಟಕ ಸಂಗೀತದ ಕಛೇರಿಗೆ ಇಲ್ಲಿಯ ಹಳ್ಳಿಗನು ತರುವ ಬುತ್ತಿ ಸಣ್ಣದಲ್ಲ. ಪುರಂದರದಾಸರ ಕನ್ನಡವೂ ತಿರುವಯ್ಯಾರಿನಲ್ಲಿ ಬಾಳಿದ ತ್ಯಾಗರಾಜರ (1767-1847) ತೆಲುಗೂ ಅವನಿಗೆ ಮನೆಯ ಮಾತುಗಳು. ತ್ಯಾಗರಾಜರು ತಮ್ಮ 'ಪ್ರಹ್ಲಾದ ಭಕ್ತಿ ವಿಜಯ'ದಲ್ಲಿ ಪುರಂದರದಾಸರನ್ನು ಸ್ಮರಿಸಿ ವಂದಿಸಿದ್ದಾರೆ. ಆ ವಂದನೆಯಲ್ಲಿ ಕೂಡಿದ ಎರಡು ಭಾಷೆಗಳು ಈ ಸೀಮೆಯಲ್ಲಿ ದಿನದಿನವೂ ಒಂದೇ ನಾಲಗೆಯ ಮೇಲೆ ಕೂಡುತ್ತವೆ.

ಈ ಭಾಗ್ಯ ಎಲ್ಲ ಕಡೆಯೂ ಇಲ್ಲ. ಮದರಾಸಿನಲ್ಲಿ 1940ರ ದಶಕದಲ್ಲಿ ತಮಿಳಿಶೈ ಚಳವಳಿ ಎದ್ದುದು, ಕೇಳುವವರಿಗೆ ತಿಳಿಯದ ಭಾಷೆಯಲ್ಲಿಯೇ ಕಛೇರಿಯ ಬಹುಭಾಗ ಏಕೆ ನಡೆಯಬೇಕೆಂಬ ನ್ಯಾಯವಾದ ಕೊರಗಿನಿಂದ. 1943ರಲ್ಲಿ ಅಲ್ಲಿ ತಮಿಳಿಶೈ ಸಂಘ ಸ್ಥಾಪಿತವಾಯಿತು. ಹಾಡಿನಲ್ಲಿ ಮಾತಿಗೆ ಬೆಲೆಯಿದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ತೆಲುಗಿನ ಒಂದಕ್ಷರ ಅರಿಯದ ಸಾವಿರಾರು ಜನರು ಅದೇ ಮದರಾಸಿನಲ್ಲಿ ತ್ಯಾಗರಾಜರ ಕೃತಿಗಳನ್ನು ಕೇಳಿ ಮೈಮರೆತದ್ದೂ ಅಷ್ಟೇ ನಿಜ. ಮಾತು ತಿಳಿಯದ ಅವರು ನಾದವನ್ನು ಹಿಡಿದು ನಡೆದರು. ಮಾತು ತಿಳಿದ ಇಲ್ಲಿಯ ಶ್ರೋತೃವಾದರೋ ಕೆಲವೊಮ್ಮೆ ಅರ್ಥ ಕೈಗೆ ಸಿಕ್ಕಿತೆಂಬ ತೃಪ್ತಿಯಿಂದ ನಾದವನ್ನು ಅಲ್ಲಿಯೇ ಬಿಟ್ಟುಬಿಡುತ್ತಾನೆ. ರಾಗಾಲಾಪನೆಯೋ ಸ್ವರಪ್ರಸ್ತಾರವೋ ಬಂದಾಗ, ಮಾತು ನಿಂತಿತೆಂದು ಅವನ ಗಮನವೂ ನಿಲ್ಲುತ್ತದೆ. ಒಬ್ಬನಿಗೆ ಇರುವುದು ಇನ್ನೊಬ್ಬನಿಗಿಲ್ಲ. ಪೂರ್ಣನಾದ ಶ್ರೋತೃ ಯಾವ ಊರಿನಲ್ಲಿಯೂ ದುರ್ಲಭ.

ಭರತಮುನಿಗೆ ಈ ಮಾತು ಚೆನ್ನಾಗಿ ತಿಳಿದಿತ್ತು. ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ಆತನು ಪ್ರೇಕ್ಷಕನಿಗಿರಬೇಕಾದ ಗುಣಗಳ ಉದ್ದವಾದ ಪಟ್ಟಿಯೊಂದನ್ನು ಕೊಡುತ್ತಾನೆ. ಆ ಮೇಲೆ, ತಿಳಿಯಬೇಕಾದುದು ಅಪಾರವಾದ ಕಾರಣ ಈ ಗುಣಗಳೆಲ್ಲ ಒಬ್ಬನಲ್ಲಿಯೇ ಇರಲಾರವೆಂದೂ ಹೇಳುತ್ತಾನೆ. ತರುಣರು ಶೃಂಗಾರದ ಸಂಗತಿಗಳಲ್ಲಿ ಸಂತೋಷಪಡುತ್ತಾರೆ, ವಿದ್ವಾಂಸರು ಶಾಸ್ತ್ರವಿಷಯಗಳಲ್ಲಿ, ವಿರಾಗಿಗಳು ಮೋಕ್ಷವಿಚಾರದಲ್ಲಿ, ಶೂರರು ವೀರರೌದ್ರಗಳಲ್ಲಿ, ವೃದ್ಧರು ಪುರಾಣಕಥೆಗಳಲ್ಲಿ. ಈ ಭೇದವನ್ನು ಭರತನು ದೋಷವೆಂದು ಎಣಿಸಲಿಲ್ಲ. ಸಭೆಯೆಂದರೆ ಇಂತಹ ಹಲವರು ಕೂಡಿದುದು. ಒಬ್ಬೊಬ್ಬರ ಕೊರತೆಯನ್ನು ಸಭೆ ತಾನು ತುಂಬಿಕೊಳ್ಳುತ್ತದೆ. ಆತನು ಹೇಳಿದ್ದು ನಾಟ್ಯವನ್ನು ಕುರಿತು. ಗಾನಕ್ಕೂ ಅದು ಸಲ್ಲುತ್ತದೆ.

ಇಂದಿನ ಕಛೇರಿಯ ಕ್ರಮವೂ ಈ ಅರಿವಿನಿಂದಲೇ ರೂಪುಗೊಂಡಂತಿದೆ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು (1890-1967) ರೂಢಿಗೆ ತಂದ ಪದ್ಧತಿಯಲ್ಲಿ ಮೊದಲು ವರ್ಣ, ತರುವಾಯ ಚಿಕ್ಕ ಚಿಕ್ಕ ಕೃತಿಗಳು, ನಡುವೆ ವಿಸ್ತಾರವಾದ ರಾಗ, ನೆರವಲು, ಸ್ವರಕಲ್ಪನೆ, ಮೃದಂಗದ ತನಿ ಆವರ್ತನ, ಕೊನೆಗೆ ದೇವರನಾಮ ಮೊದಲಾದ ಲಘುವಾದ ಹಾಡುಗಳು, ಮಂಗಳ. ಲಯಜ್ಞನಿಗೆ ಬೇಕಾದುದೂ ಭಕ್ತನಿಗೆ ಬೇಕಾದುದೂ ಒಂದೇ ಎಲೆಯ ಮೇಲೆ ಬಡಿಸಿವೆ. ಹಬ್ಬದ ಊಟದಲ್ಲಿ ಪಾಯಸ ಬರುವ ತನಕ ಎಲೆಯ ಮುಂದೆ ಕುಳಿತಿರುವುದು ಹೇಗೆ ಮರ್ಯಾದೆಯೋ, ಪಕ್ಕದವನಿಗೆ ಬಡಿಸಿದುದನ್ನು ಹಳಿಯದಿರುವುದೂ ಹಾಗೆಯೇ ಮರ್ಯಾದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. "ದೇವಾಲಯದ ಸಂಗೀತಕ್ಕೆ ಭಕ್ತಿಯೊಂದೇ ಸಾಲದೆ? ರಾಗತಾಳಗಳ ವಿಚಾರ ಅಲ್ಲೇಕೆ?" ಭಕ್ತಿಯಿಲ್ಲದ ಸಂಗೀತಜ್ಞಾನ ಸನ್ಮಾರ್ಗವಾಗದೆಂಬ ಆಶಯದ ತ್ಯಾಗರಾಜರ ಕೃತಿಯೊಂದು ಪ್ರಸಿದ್ಧವಾಗಿಯೇ ಇದೆ. ಅದನ್ನು ಹಿಡಿದು ಅಜ್ಞಾನವನ್ನೇ ಭಕ್ತಿಯೆಂದು ಕೊಂಡಾಡುವವರೂ ಉಂಟು. ಆದರೆ ಮತ್ತೊಂದು ಕೃತಿಯಲ್ಲಿ ಅದೇ ತ್ಯಾಗರಾಜರು, ಭಕ್ತಿಯಿಂದ ಕೂಡಿದ ಸಂಗೀತಜ್ಞಾನವಿಲ್ಲದವರಿಗೆ ಮೋಕ್ಷವುಂಟೇ ಎಂದು ಕೇಳುತ್ತಾರೆ. ಎರಡನ್ನೂ ಕೂಡಿಸಿ ನೋಡಿದಾಗ ಅವರ ಅಭಿಪ್ರಾಯ ಸ್ಪಷ್ಟ. ಜ್ಞಾನಕ್ಕೆ ಭಕ್ತಿ ಬೇಕು. ಭಕ್ತಿಯೂ ಜ್ಞಾನವನ್ನು ಅರಸಬೇಕು. ಮೆಚ್ಚಿದ ದೇವರಿಗೆ ಹೂವು ಕೊಯ್ಯುವವಳು ಬಾಡಿದುದನ್ನೂ ಅರಳಿದುದನ್ನೂ ಬೇರ್ಪಡಿಸುವುದನ್ನು ಕಲಿಯುತ್ತಾಳೆ. ಆ ವಿವೇಕ ಅವಳ ಪ್ರೀತಿಗೆ ವಿರೋಧವಲ್ಲ, ಪ್ರೀತಿಯ ಫಲವೇ ಸರಿ. ಹಾಗೆಯೇ ಹಾಡಿಗೆ ಕರಗಿದವನು ಕ್ರಮೇಣ, ಯಾವುದು ತನ್ನನ್ನು ಕರಗಿಸಿತೆಂದು ತಿಳಿಯಬಯಸುವುದು ಸಹಜ. ಆದಿತಾಳಕ್ಕೆ ಎಂಟು ಅಕ್ಷರವೆಂದು ಕೈಬೆರಳಲ್ಲಿ ಎಣಿಸಲು ಕಲಿತ ಹುಡುಗನಿಗೆ ತನಿ ಆವರ್ತನ ಗದ್ದಲವಾಗಿ ಉಳಿಯುವುದಿಲ್ಲ. ಮೃದಂಗಗಾರನು ಎಲ್ಲಿ ಹೊರಟು, ಎಲ್ಲೆಲ್ಲಿ ಸುತ್ತಿ, ಹೇಗೆ ಸರಿಯಾಗಿ ಮನೆಗೆ ಬಂದು ಸೇರಿದನೆಂಬುದು ಅವನಿಗೆ ಕಾಣುತ್ತದೆ.

ಹಾಗಾದರೆ ತಿಳಿದವನ ಸ್ಥಾನವೇನು? ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತನು ಸಹೃದಯನನ್ನು ವಿವರಿಸುತ್ತ, ಅಭ್ಯಾಸದಿಂದ ಮನಸ್ಸಿನ ಕನ್ನಡಿ ತಿಳಿಯಾಗಿ ವಸ್ತುವಿನಲ್ಲಿ ತನ್ಮಯನಾಗಬಲ್ಲವನೇ ಸಹೃದಯನೆಂದನು. ಅಭ್ಯಾಸದ ಫಲ ತನ್ಮಯತೆ ಎಂಬುದನ್ನು ಇಲ್ಲಿ ಗಮನಿಸಬೇಕು. ಕನ್ನಡಿಯನ್ನು ಉಜ್ಜುವುದು ಅದರಲ್ಲಿ ಬಿಂಬ ಮೂಡಲೆಂದು. ಉಜ್ಜಿದ ಕೈಯನ್ನು ಮೆರೆಸಲೆಂದಲ್ಲ. ಗಾಯಕನ ತಪ್ಪನ್ನು ಮಾತ್ರ ಕಾದು ಕುಳಿತ ಪಂಡಿತನು, ನೆರೆಯವನ ಬೆರಳು ತಾಳ ತಪ್ಪಿದಾಗ ತಿರಸ್ಕಾರದಿಂದ ನಕ್ಕ ರಸಿಕನು, ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿಕೊಂಡು ಹೋದವನು. ಆ ನಗೆಯಿಂದ ನೊಂದವನು ಮರುವರ್ಷದ ಉತ್ಸವಕ್ಕೆ ಬಾರದಿದ್ದರೆ, ಒಬ್ಬನನ್ನು ಸಂಗೀತದಿಂದ ದೂರಮಾಡಿದ ಪಾಪ ಆ ವಿದ್ಯೆಗೇ ಅಂಟುತ್ತದೆ. ರುಚಿಭೇದ ದೋಷವಲ್ಲ, ತಿರಸ್ಕಾರ ದೋಷ. ತಿಳಿಯದಿರುವುದು ಲಜ್ಜೆಯಲ್ಲ; ತಿಳಿಯಲೊಲ್ಲೆನೆಂಬುದು ಲಜ್ಜೆ.

ತಿಳಿವಿಗೆ ವಿನಯ ಸೇರಿದಾಗ ಏನಾಗುತ್ತದೆಂಬುದಕ್ಕೆ ಈ ಸೀಮೆಯೇ ಒಂದು ನಿದರ್ಶನವನ್ನು ಕೊಟ್ಟಿದೆ. ಅನಂತಪುರ ಜಿಲ್ಲೆಯ ಕಲ್ಯಾಣದುರ್ಗದ ಕಡೆಯ ಸಣ್ಣ ಹಳ್ಳಿಯಾದ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಜನಿಸಿದ ಅನಂತಕೃಷ್ಣಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದೀರ್ಘಕಾಲ ತೆಲುಗು ಬೋಧಿಸಿದರು. ಕನ್ನಡ ತೆಲುಗುಗಳೆರಡರಲ್ಲಿಯೂ ಬರೆದರು. ಅನ್ನಮಾಚಾರ್ಯರ (1408-1503) ಕೀರ್ತನೆಗಳನ್ನು ಕೆತ್ತಿದ ತಾಮ್ರಪತ್ರಗಳು ತಿರುಮಲೆಯ ದೇವಾಲಯದಲ್ಲಿ ಶತಮಾನಗಳ ಕಾಲ ಮರೆಯಾಗಿದ್ದವು. ದೊರೆತಾಗ ಅವುಗಳಲ್ಲಿ ಸಾಹಿತ್ಯವಿತ್ತು, ರಾಗದ ಹೆಸರಿತ್ತು. ಹಾಡುವ ಬಗೆಯ ಸ್ವರಲಿಪಿ ಇರಲಿಲ್ಲ. ಕೇಳುವ ಕಿವಿ ತಪ್ಪಿದುದರಿಂದ ಹಾಡು ಲೋಹವಾಗಿ ಮಲಗಿತ್ತು. ಶರ್ಮರು ತಿರುಪತಿಯಲ್ಲಿ ಆ ಕೀರ್ತನೆಗಳನ್ನು ಪರಿಷ್ಕರಿಸಿ, ಅನೇಕವಕ್ಕೆ ರಾಗಸಂಯೋಜನೆ ಮಾಡಿ ಸ್ವರಸಹಿತವಾಗಿ ಪ್ರಕಟಪಡಿಸಿದರು. ಕಛೇರಿಯ ಗಾಯಕರೆಂಬುದಕ್ಕಿಂತ ವಿದ್ವಾಂಸರೆಂದೇ ಪ್ರಖ್ಯಾತರಾದ ಅವರಿಗೆ 1974ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ 'ಸಂಗೀತ ಕಲಾನಿಧಿ' ಬಿರುದು ಸಂದಿತು. ಅವರ ಪಾಂಡಿತ್ಯ ಭಜನೆಯ ಮನೆಗಳಿಗೆ ಹೊಸ ಹಾಡುಗಳನ್ನು ತಂದುಕೊಟ್ಟಿತು. ಪಂಡಿತನ ಕಿವಿ ಪಾಮರನ ಬಾಯಿಗೆ ಹೀಗೆ ಉಪಕಾರ ಮಾಡಬಲ್ಲುದು.

ಆ ತಾಮ್ರಪತ್ರಗಳ ಕಥೆ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಕಲ್ಲಿನ ವಿಗ್ರಹ ಯಾರೂ ನೋಡದಿದ್ದರೂ ವಿಗ್ರಹವೇ. ಗಾನವಾದರೋ ಕೇಳುವವರಿದ್ದರೆ ಮಾತ್ರ ಬದುಕುತ್ತದೆ. ಅದರಲ್ಲಿಯೂ ನಮ್ಮ ಸಂಗೀತದ ಜೀವ ಮನೋಧರ್ಮದಲ್ಲಿದೆ. ಗಾಯಕನು ಆ ಹೊತ್ತಿನಲ್ಲಿ, ಎದುರಿಗೆ ಕುಳಿತವರ ಮುಖ ನೋಡಿ, ಆಲಾಪನೆಯನ್ನು ಬೆಳೆಸುತ್ತಾನೆ ಅಥವಾ ಮೊಟಕುಗೊಳಿಸುತ್ತಾನೆ. ಧ್ವನಿಮುದ್ರಿಕೆಯನ್ನು ಮನೆಯಲ್ಲಿ ಕೇಳುವವನು ಸಿದ್ಧವಾದ ಹಣ್ಣನ್ನು ತಿನ್ನುತ್ತಾನೆ. ಕಛೇರಿಯಲ್ಲಿ ಕುಳಿತವನು ಗಿಡಕ್ಕೆ ನೀರೆರೆಯುತ್ತಾನೆ. ಆದ್ದರಿಂದ ಶ್ರೋತೃವಿಗೆ ಕರ್ತವ್ಯಗಳುಂಟು. ತನಿ ಆವರ್ತನ ಬಂದಿತೆಂದು ಕಾಫಿಗೆ ಏಳುವುದು, ಅಷ್ಟು ಹೊತ್ತು ಗಾಯಕನ ಹಿಂದೆ ನಿಂತು ದುಡಿದ ಮೃದಂಗಗಾರನಿಗೆ ಮಾಡುವ ಅನ್ಯಾಯ. ಮೊಬೈಲ್ ಫೋನನ್ನು ಎತ್ತಿ ಹಿಡಿದು ಹಿಂದಿನವರಿಗೆ ವೇದಿಕೆಯನ್ನು ಮರೆಮಾಡುವುದು, ಸೌರಾಷ್ಟ್ರ ಅಥವಾ ಮಧ್ಯಮಾವತಿಯ ಮಂಗಳಕ್ಕೆ ಮೊದಲೇ ಚಾಪೆ ಕೊಡಹುವುದು ಇವೂ ಸಣ್ಣ ಸಂಗತಿಗಳಂತೆ ಕಂಡು ದೊಡ್ಡ ಹಾನಿ ಮಾಡುತ್ತವೆ. ಇವುಗಳನ್ನು ಬಿಡುವುದಕ್ಕೆ ರಾಗಜ್ಞಾನ ಬೇಕಿಲ್ಲ. ನೆರೆಯವನಿದ್ದಾನೆಂಬ ನೆನಪು ಸಾಕು. ಪಂಡಿತನೂ ಮುದುಕಿಯೂ ಸಮಾನವಾಗಿ ಕೊಡಬಹುದಾದ ಕಾಣಿಕೆ ಅವಧಾನವೊಂದೇ. ಅದನ್ನು ಕೊಟ್ಟವರಿಬ್ಬರೂ ನಿಜವಾಗಿ ಕೇಳಿದವರೇ. ಅವರು ಪಡೆದ ಪ್ರಸಾದದಲ್ಲಿ ಮಾತ್ರ, ಅವರವರ ಪಾತ್ರೆಗೆ ತಕ್ಕಂತೆ, ಹೆಚ್ಚು ಕಡಮೆಯಿರಬಹುದು; ಪಾತ್ರೆಯನ್ನು ದೊಡ್ಡದು ಮಾಡಿಕೊಳ್ಳುವ ದಾರಿ, ಮರಳಿ ಮರಳಿ ಬಂದು ಕೇಳುವುದು.

ಭರತನು ಪ್ರಯೋಗದ ಸಿದ್ಧಿಯನ್ನು ಎರಡಾಗಿ ವಿಂಗಡಿಸಿದ್ದಾನೆ. ನಗೆ, ಕಣ್ಣೀರು, ಪುಲಕ, 'ಸಾಧು ಸಾಧು' ಎಂಬ ಉದ್ಗಾರ ಇವುಗಳಿಂದ ತಿಳಿಯುವುದು ಮಾನುಷೀ ಸಿದ್ಧಿ. ಸದ್ದಿಲ್ಲದೆ, ಕ್ಷೋಭೆಯಿಲ್ಲದೆ, ಉತ್ಪಾತವಿಲ್ಲದೆ, ಸಭೆ ತುಂಬಿ ನಿಂತಿದ್ದರೆ ಅದು ದೈವೀ ಸಿದ್ಧಿ. ಆ ತುಂಬಿದ ಮೌನದಲ್ಲಿ ತಾಳ ಎಣಿಸಿದವನಾರು, ರಾಮನಾಮಕ್ಕೆ ಕರಗಿದವಳಾರು ಎಂಬ ವಿಂಗಡಣೆ ಕಾಣುವುದಿಲ್ಲ. ಜೀರ್ಣವಾದ ಮಂಟಪಕ್ಕೆ ಕಲ್ಲುಗಾರೆಗಳಿಂದ ಹೊಸ ಬಲ ಬರುತ್ತದೆ. ಅಲ್ಲಿ ನಡೆಯುವ ಗಾನಕ್ಕೆ ಬಲ ಬರುವುದು, ಬಲ್ಲವನು ಸ್ವಲ್ಪ ಸರಿದು ಪಕ್ಕದಲ್ಲಿ ಅರಿಯದವನಿಗೆ ಚಾಪೆ ಹಾಸಿಕೊಟ್ಟಾಗ.