ಎರಡು ಮನೆಯ ಹೆಜ್ಜೆ

ಒಂದೇ ಕತಾವನ್ನು ಇಬ್ಬರು ಗುರುಗಳು ಎರಡು ಬಗೆಯಾಗಿ ಕಲಿಸಿದರೆ ಯಾವುದು ಸರಿ? ಯಜಮಾನರ ವರ್ಗಾವಣೆಯಿಂದ ಊರು ಬದಲಾಗಿ, ಶೋಟೊಕಾನ್ ಕಲಿತಿದ್ದ ನಾನು ಶಿಟೊ-ರಿಯು ತರಗತಿಗೆ ಸೇರಿದಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. (ಈ ವಯಸ್ಸಿನಲ್ಲಿ ಕರಾಟೆಯೇ ಎಂದು ಹುಬ್ಬೇರಿಸುವವರಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ದಿನವಾಯಿತು.)

ಕತಾ ಎಂದರೆ ಎದುರಾಳಿ ಇಲ್ಲದೆಯೇ ಹೊಡೆತ, ತಡೆ, ತಿರುವುಗಳನ್ನು ಗೊತ್ತಾದ ಕ್ರಮದಲ್ಲಿ ಮಾಡುವುದು. ಓಕಿನಾವದ ಇಟೊಸು ಆಂಕೊ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಾಲಾ ಮಕ್ಕಳಿಗೆಂದು ‘ಪಿನಾನ್’ ಎಂಬ ಐದು ಕತಾಗಳನ್ನು ಹೊಂದಿಸಿದರು. 1922ರಲ್ಲಿ ಟೋಕಿಯೋಗೆ ಹೋದ ಅವರ ಶಿಷ್ಯ ಫುನಾಕೊಶಿ ಗಿಚಿನ್, ಮುಂದೆ ಅವೇ ಅಕ್ಷರಗಳನ್ನು ಜಪಾನಿ ರೀತಿಯಲ್ಲಿ ಓದಿ ‘ಹೇಯಾನ್’ ಎಂದರು. ಎರಡನೆಯದನ್ನು ಮೊದಲಿಗೆ ತಂದು ಮೊದಲನೆಯದನ್ನು ಹಿಂದಕ್ಕೆ ಹಾಕಿದರು. ಹಾಗಾಗಿ ನನ್ನ ಹೇಯಾನ್ ನಿದಾನ್, ಹೊಸ ತರಗತಿಯಲ್ಲಿ ಪಿನಾನ್ ಶೋದಾನ್ ಆಗಿಬಿಟ್ಟಿತು! ಹೆಸರು ಹೋಗಲಿ, ನಿಲುವೂ ಬೇರೆ. ಮೊದಲ ತಿರುವಿನಲ್ಲಿ ನಾನು ಕಾಲನ್ನು ಉದ್ದಕ್ಕೆ ಚಾಚಿ ಹಿಂಗಾಲಿಗೆ ಭಾರ ಕೊಡುತ್ತಿದ್ದೆ. ಇಲ್ಲಿ ಬೆಕ್ಕಿನ ಹಾಗೆ ಗಿಡ್ಡ ನಿಲುವು, ಮುಂಗಾಲಿನ ತುದಿ ಮಾತ್ರ ನೆಲಕ್ಕೆ.

‘ನಮ್ಮಲ್ಲಿ ಹೀಗಲ್ಲ’ ಎಂಬ ಮಾತು ಹೆಂಗಸರಿಗೆ ಹೊಸದೇ? ಅತ್ತೆಮನೆಗೆ ಕಾಲಿಟ್ಟ ದಿನವೇ ಸಾರಿನಿಂದ ರಂಗೋಲಿಯವರೆಗೆ ಕೇಳುತ್ತೇವೆ. ತವರಿನದು ತಪ್ಪು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮರೆತುಬಿಡಲಿ ಎಂದು ಕಾಯುತ್ತಾರೆ. ಹಳೆಯ ಗುರುಗಳೂ ಎರಡು ದೋಣಿಯಲ್ಲಿ ಕಾಲಿಡಬೇಡಿ ಎಂದಿದ್ದರು. ಅದರಲ್ಲಿ ಹುರುಳಿಲ್ಲದೆ ಇಲ್ಲ. ಒಂದು ಒಗ್ಗುವ ಮೊದಲೇ ಇನ್ನೊಂದಕ್ಕೆ ಕೈ ಹಾಕಿದರೆ ಮೈಗೆ ಯಾವುದೂ ಹತ್ತುವುದಿಲ್ಲ. ಆದರೆ ಶಿಟೊ-ರಿಯು ಕಟ್ಟಿದ ಮಬುನಿ ಕೆನ್ವಾ ಅವರೇ ಇಟೊಸು, ಹಿಗಾವೊನ್ನಾ ಇಬ್ಬರಲ್ಲೂ ಕಲಿತವರು. ಆ ಹೆಸರಿನಲ್ಲಿರುವುದೇ ಇಬ್ಬರು ಗುರುಗಳ ಹೆಸರಿನ ಮೊದಲ ಅಕ್ಷರಗಳು. ಸಾಂಚಿನ್ ಕತಾವನ್ನು ಗೋಜು-ರಿಯುವಿನವರು ಮುಷ್ಟಿ ಕಟ್ಟಿ ಮಾಡಿದರೆ ಉಎಚಿ-ರಿಯುವಿನವರು ಅಂಗೈ ಬಿಚ್ಚಿ ಮಾಡುತ್ತಾರೆ. ಒಂದೇ ಕೀರ್ತನೆಗೆ ನಮ್ಮ ಸಂಗೀತಗಾರರಲ್ಲಿ ಪಾಠಾಂತರಗಳಿಲ್ಲವೇ? ಹಾಗೆಂದುಕೊಂಡು ಸಮಾಧಾನವಾಯಿತು.

ಆದರೆ ಸಮಾಧಾನ ಬಹಳ ದಿನ ಉಳಿಯಲಿಲ್ಲ. ಫುನಾಕೊಶಿ ಬದಲಾಯಿಸಬಹುದಾದರೆ ನಾನೇಕೆ ಬದಲಾಯಿಸಬಾರದು? ನನ್ನ ಮೊಣಕಾಲು ಉದ್ದದ ನಿಲುವನ್ನು ಒಲ್ಲೆ ಎನ್ನುತ್ತದೆ. ಶಿಟೊ-ರಿಯುವಿನ ಗಿಡ್ಡ ನಿಲುವನ್ನು ತಂದು ಹಳೆಯ ಕತಾಕ್ಕೆ ತೇಪೆ ಹಾಕಿದರೆ ಕೇಳುವವರಾರು? ಯೋಚಿಸಿದಷ್ಟೂ ನನಗನ್ನಿಸುವುದಿಷ್ಟು: ಅವರು ಬದಲಾಯಿಸಿದ್ದು ಕಲಿಯುವವರನ್ನು ಕಣ್ಣ ಮುಂದಿಟ್ಟುಕೊಂಡು, ಎಲ್ಲರಿಗೂ ತಿಳಿಯುವಂತೆ. ನನ್ನದು ನೋವಿನಿಂದ ತಪ್ಪಿಸಿಕೊಳ್ಳುವ ಉಪಾಯ. ತಪ್ಪಿಸಿಕೊಳ್ಳುವುದೂ ಪಾಪವಲ್ಲ, ಅದಕ್ಕೆ ಸಂಪ್ರದಾಯದ ಹೆಸರಿಟ್ಟು ಇನ್ನೊಬ್ಬರ ಮೈಗೆ ದಾಟಿಸುವುದು ಮಾತ್ರ ನನ್ನಿಂದಾಗದು.

ಹಾಗಾಗಿ ಎರಡನ್ನೂ ಬೇರೆ ಬೇರೆ ದಿನ, ಬೆರೆಸದೆ ಮಾಡುತ್ತೇನೆ. ಮೊಣಕಾಲು ನೋಯುವ ದಿನ ಸ್ವಲ್ಪ ಎತ್ತರದಲ್ಲೇ ನಿಲ್ಲುತ್ತೇನೆ. ಪಕ್ಕದ ಮನೆಯ ಹುಡುಗಿಯರು ನೋಡಿ ಕಲಿಯಲು ಬಂದರೆ, ‘ಇದು ಶೋಟೊಕಾನ್ ನಿಲುವಲ್ಲ ಕಣ್ರೇ, ನನ್ನ ಮೊಣಕಾಲಿನದು. ನೀವು ಇನ್ನೂ ಕೆಳಗೆ ಕೂರಿ’ ಎನ್ನುತ್ತೇನೆ.