ಕಲ್ಪಿತ ಲೋಕವು ಸುಳ್ಳೇ?

ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಕಾದಂಬರಿಯ ಮಾಲ್ಗುಡಿಯು ಯಾವ ಭೂಪಟದಲ್ಲಿಯೂ ಇಲ್ಲ. ತಂದೆಗೆ ವರ್ಗವಾಗಿ ಗೆಳೆಯ ರಾಜಂ ರೈಲಿನಲ್ಲಿ ಹೊರಟಾಗ ಸ್ವಾಮಿಗಾದ ದುಃಖಕ್ಕೆ ಮರುಗುವ ನಮ್ಮ ಮಕ್ಕಳು ಸುಳ್ಳಿಗೆ ಮರುಗುವರೇ?

ಸ್ವಪ್ನವನ್ನು ಕುರಿತ ಶ್ರೀಮದಾಚಾರ್ಯರ ನಿರ್ಣಯವು ಇಲ್ಲಿ ದಾರಿ ತೋರುತ್ತದೆ. ಸ್ವಪ್ನದ ಆನೆ ಮಿಥ್ಯೆಯಲ್ಲ. ಮನಸ್ಸಿನಲ್ಲಿರುವ ವಾಸನೆಗಳನ್ನೇ ಉಪಾದಾನವಾಗಿಸಿ ಭಗವಂತನು ಅದನ್ನು ಸೃಜಿಸುತ್ತಾನೆ. ಅದನ್ನು ಹೊರಗಿನ ಆನೆಯೆಂದು ತಿಳಿಯುವುದಷ್ಟೇ ಭ್ರಮೆ.

ಕಥೆಗೂ ಈ ನ್ಯಾಯವನ್ನು ಹೊಂದಿಸಿ ನೋಡಬಹುದು. ಕಂಡುಂಡ ಬದುಕಿನ ಸಂಸ್ಕಾರಗಳಿಲ್ಲದೆ ಯಾವ ಲೇಖಕನೂ ಊರೊಂದನ್ನು ಕಲ್ಪಿಸಲಾರ. ಆ ಊರು ಹೊರಗಿಲ್ಲ ನಿಜ. ಆದರೆ ಓದುಗನ ಮರುಕ ಸತ್ಯ, ಅದು ಉಳಿಸುವ ವಾಸನೆಯೂ ಸತ್ಯ. ಆದುದರಿಂದಲೇ ಬರೆಯುವವನಿಗೆ ಹೊಣೆಯುಂಟು, ಓದುವವನಿಗೆ ವಿವೇಕ ಬೇಕು. ಮಕ್ಕಳ ಕೈಗೆ ಯಾವ ಕಥೆ ಸೇರುತ್ತಿದೆಯೆಂಬುದನ್ನು ಹಿರಿಯರು ಗಮನಿಸಬೇಕು.