ಮುಯ್ಯಿ ಬೇಡದ ಗೆಳೆಯ

ನಮ್ಮ ಕನಕಪುರದ ಕಡೆ ಹಳ್ಳಿಗಳಲ್ಲಿ ಎಲ್ಲಕ್ಕೂ ಮುಯ್ಯಿ. ಮದುವೆಗೆ 500 ಬಂದರೆ ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆ ಮದುವೆಗೆ ವಾಪಸ್ ಹಾಕಬೇಕು. ಹೊಲದ ಕೆಲಸಕ್ಕೂ ಮುಯ್ಯಾಳು. ಸಾಫ್ಟ್‌ವೇರ್ ಕಂಪನಿಗೆ ಬಂದರೆ ಅಪ್ರೈಸಲ್: ಮಾಡಿದಷ್ಟು, ಸಿಕ್ಕಷ್ಟು.

ಈ ಲೆಕ್ಕಕ್ಕೆ ಸಿಗದವನು ಹಾರೋಬೆಲೆಯ ಗೆಳೆಯ. ಅರ್ಕಾವತಿ ದಂಡೆಯ ಆ ಊರಲ್ಲಿ ಬಹುಪಾಲು ಕ್ರೈಸ್ತರು. ಮನೆಮಾತು ಕನ್ನಡ, ಬದುಕು ನಮ್ಮಂತೆಯೇ ರಾಗಿ, ರೇಷ್ಮೆ. ಬಸ್ಸಲ್ಲಿ ಆದ ಪರಿಚಯ. ಅಪ್ಪ ಆಸ್ಪತ್ರೆ ಸೇರಿದಾಗ ನಮ್ಮ ಹುಳು ನಾಲ್ಕನೇ ಜ್ವರ ಎದ್ದಿದ್ದವು. ಆಗಲೇ ಅವಕ್ಕೆ ರಾಕ್ಷಸ ಹಸಿವು. ಸೊಪ್ಪು ತಪ್ಪಿದರೆ ಗೂಡು ಕೆಟ್ಟಂತೆ. ವಾರಪೂರ್ತಿ ಅವನೇ ಬಂದು ಸೊಪ್ಪು ಕೊಯ್ದು ಹಾಕಿದ. ದುಡ್ಡು ಕೊಡಹೋದರೆ, "ವರಪ್ರಸಾದಕ್ಕೆ ರೇಟ್ ಕೇಳ್ತೀಯಲ್ಲೋ" ಅಂತ ನಕ್ಕ.

ಆಮೇಲೆ ಯೇಸುವಿನ ದ್ರಾಕ್ಷಿತೋಟದ ಕಥೆ ಹೇಳಿದ. ಬೆಳಗ್ಗೆ ಬಂದ ಆಳಿಗೂ ಸಂಜೆ ಐದಕ್ಕೆ ಬಂದ ಆಳಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. ನನಗೆ ಸಿಟ್ಟೇ ಬಂತು. ದಿನವಿಡೀ ಬಿಸಿಲಲ್ಲಿ ಬೆಂದವನಿಗೆ ಅನ್ಯಾಯ ಅಲ್ವಾ?

"ಮಾತಾಡಿದ ಕೂಲಿ ಅವನಿಗೆ ಪೂರ್ತಿ ಸಿಕ್ತಲ್ಲ. ಸಂಜೆತನಕ ಯಾರೂ ಕರೀದೆ ಕೂತವನ ಮಕ್ಕಳಿಗೆ ಹಸಿವು ಕಮ್ಮಿನಾ?"

ನನ್ನ ಜೊತೆ ಓದಿ, ಇನ್ನೂ ಯಾರೂ ಕರೆಯದೆ ಬಸ್‌ಸ್ಟ್ಯಾಂಡಲ್ಲಿ ಕೂತಿರುವ ಹುಡುಗರು ನೆನಪಾದರು. ಕಂಪನಿ ನಡೆಸೋಕೆ ಈ ಕಥೆ ಆಗಲ್ಲ, ನಿಜ. ಆದರೆ ಮನುಷ್ಯನ ಬೆಲೆ ಕಟ್ಟೋಕೆ ಅಪ್ರೈಸಲ್ ಕೂಡ ಆಗಲ್ಲ.

ತೀರಿಸಲಾಗದ್ದನ್ನು ಸುಮ್ಮನೆ ಇಟ್ಟುಕೊಳ್ಳೋದು ಕೊಡೋದಕ್ಕಿಂತ ಕಷ್ಟ. ಅವನ ಮನೇಲಿ ಮದುವೆ ಯಾವಾಗ ಅಂತ ಅಪ್ಪ ಇನ್ನೂ ಕೇಳ್ತಾನೇ ಇದ್ದಾರೆ.